16 ತಾಸಿನ ಉಪವಾಸ: ನಂದು 4 ಕೆಜಿ ಇಳದದ, ಶುಗರ್ ಇರೋ ಅವ್ವಗ ಮಾಡಸ್ಲೋ ಬ್ಯಾಡೋ?

ಸೇಡಂರೋಡ್_ಹುಡುಗ
ಎಲ್ಲರಿಗೂ ಶರಣ್ರೀ. ಒಂದ್ ಮಾತ್ ಕೇಳೋದದ, ಜರಾ ಪೂರಾ ಓದ್ರಿ. ನನಗ 34, ಕುಂತ ಕೆಲಸ, 89 ಕೆಜಿ ಇದ್ದೆ. 7 ವಾರದಿಂದ ಇಂಟರ್ಮಿಟೆಂಟ್ ಫಾಸ್ಟಿಂಗ್ ಮಾಡ್ಲಾಕತ್ತೀನಿ, 16:8 ಅಂತಾರಲ್ಲ ಅದು. ಮಧ್ಯಾಹ್ನ 12ಕ್ಕ ಮೊದಲನೇ ಊಟ, ರಾತ್ರಿ 8ರ ಒಳಗ ಕಡೀ ಊಟ, ಉಳಿದ 16 ತಾಸು ನೀರು, ಸಕ್ರಿ ಇಲ್ಲದ ಕರಿ ಚಾ ಅಷ್ಟೇ. ಈಗ 85 ಆಗೀನಿ, ಬೆಲ್ಟಿಗಿ ಎರಡು ತೂತು ಹೊಸದಾಗಿ ಹೊಡಿಸೀನಿ. ನಂದೇನ್ ತಕರಾರಿಲ್ಲ. ಆದ್ರ ನಂದು ನೋಡಿ ನಮ್ಮವ್ವ ಭೀ ಶುರು ಮಾಡ್ತೀನಿ ಅಂತ ಕುಂತಾಳ. ಅವ್ವಗ 58, 9 ವರ್ಷದಿಂದ ಶುಗರ್ ಅದ, ಮುಂಜಾನಿ ನಾಷ್ಟಾಕ್ಕಿಂತ ಮೊದಲ ಒಂದು ಗುಳಿಗಿ, ರಾತ್ರಿ ಒಂದು. ಮೊಣಕಾಲು ಭಾಳ ಹಿಡದಾವ, ತೂಕ ಇಳಿಸ್ರಿ ಅಂತ ಡಾಕ್ಟರ್ ಅಂದಾರ. "ನಾ ಲಗ್ನ ಆಗಿ ಬಂದಾಗಿಂದ ಸೋಮವಾರ ಒಪ್ಪತ್ತು ಮಾಡ್ಲಾಕತ್ತೀನಿ, ನನಗೇನ್ ಹೊಸದದ ಇದ್ರಾಗ" ಅಂತಾಳ. ಬರೋ ಸೋಮವಾರದಿಂದ ದಿನಾ ಅಂತ. ಮಾಡಸ್ಲೋ ಬ್ಯಾಡೋ ಹೇಳ್ರಿ.

ಬಿಸಿಲನಾಡು
ಮಾಡಸು ತಮ್ಮಾ, ಅಂಜಬ್ಯಾಡ. ನಾ ದಿನಕ್ಕ ಒಂದೇ ಊಟ ಮಾಡ್ತೀನಿ, 8 ತಿಂಗಳಾತು, 11 ಕೆಜಿ ಇಳದೀನಿ. ನಮ್ಮ ಹಿರ್ಯಾರು ಏಕಾದಶಿ, ಶಿವರಾತ್ರಿ, ಶ್ರಾವಣ ಅಂತ ಸುಮ್ನ ಮಾಡಿಟ್ಟಿಲ್ಲ. ಉಪವಾಸ ಇದ್ದಾಗ ಮೈಯಾಗಿನ ಜೀವಕೋಶ ತನ್ನ ಕಸ ತಾನೇ ತಿಂದು ಸ್ವಚ್ಛ ಮಾಡ್ಕೋತದ, ಆಟೋಫೇಜಿ ಅಂತಾರ, ಅದಕ್ಕ 2016ರಾಗ ಜಪಾನಿನ ವಿಜ್ಞಾನಿ ಯೊಶಿನೊರಿ ಓಸುಮಿಗಿ ನೊಬೆಲ್ ಕೊಟ್ಟಾರ. ಇದಕ್ಕಿಂತ ಹೆಚ್ಚು ಏನ್ ಪುರಾವೆ ಬೇಕು?

ತೊಗರಿಕಣಜ
ಬಿಸಿಲನಾಡು ಅಣ್ಣಾ, ನೊಬೆಲ್ ಬಂದದ್ದು ಖರೇ, ಆದ್ರ ಓಸುಮಿ ಅವರು ಕೆಲಸ ಮಾಡಿದ್ದು ಯೀಸ್ಟ್ ಮ್ಯಾಲ, ಬ್ರೆಡ್ ಹಿಟ್ಟು ಉಬ್ಬಿಸ್ತದಲ್ಲ ಆ ಯೀಸ್ಟು. ಕೋಶ ತನ್ನ ಕಸ ಹೆಂಗ ವಿಲೇವಾರಿ ಮಾಡ್ತದ ಅಂತ ಅವರು ತೋರ್ಸಿದ್ರು. 16 ತಾಸು ಉಪವಾಸ ಮಾಡಿದ್ರ ಮನುಷ್ಯಾಂದು ತೂಕ ಇಳೀತದ ಅಂತ ಆ ಬಹುಮಾನದಾಗ ಎಲ್ಲಿ ಭೀ ಇಲ್ಲ. ಎರಡೂ ಒಂದೇ ಅಂತ ಕೂಡಿಸಬ್ಯಾಡ್ರಿ.

ತೂಕದ ಮಾತಿಗಿ ಬಂದ್ರ ಮನುಷ್ಯಾರ ಮ್ಯಾಲೇ ಪರೀಕ್ಷಾ ಮಾಡ್ಯಾರ. 2022ರಾಗ ಒಂದು ವರದಿ ಬಂತು, ಚೀನಾದ ಗುವಾಂಗ್‌ಝೌದಾಗ 139 ಮಂದಿ ದಪ್ಪ ಇದ್ದವರಿಗಿ ಎರಡು ಗುಂಪು ಮಾಡಿ ಒಂದು ವರ್ಷ ನಡೆಸಿದ್ರು. ಎರಡೂ ಗುಂಪಿಗಿ ಊಟದ ಅಳತಿ ಅಷ್ಟೇ ಕಡಿಮಿ, ಆದ್ರ ಒಂದು ಗುಂಪು ಮುಂಜಾನಿ 8ರಿಂದ ಸಂಜಿ 4ರ ಒಳಗೇ ತಿನ್ನಬೇಕು, ಇನ್ನೊಂದು ಗುಂಪು ಯಾವಾಗ ಬೇಕಾದ್ರ ತಿನ್ಬಹುದು. ಕಡೀಕ ಟೈಮ್ ಹಚ್ಚಿದವರು 8 ಕೆಜಿ, ಹಚ್ಚದವರು 6.3 ಕೆಜಿ ಇಳಿದ್ರು, ಲೆಕ್ಕದ ಪ್ರಕಾರ ಆ ಫರಕು ಗಟ್ಟಿ ಫರಕು ಅಲ್ಲ ಅಂತ ಬರದಾರ. ಅಂದ್ರ ಇಳಿಸಿದ್ದು ಊಟದ ಅಳತಿ, ಗಡಿಯಾರ ಅಲ್ಲ.

ಸೇಡಂರೋಡ್_ಹುಡುಗ
ಹಂಗಾದ್ರ ನಂದು ಹೆಂಗ ಇಳೀತು ಅಣ್ಣಾ? ನಾ ಅಳತಿ ಗಿಳತಿ ಏನೂ ಮಾಡಿಲ್ಲ, ಹೊಟ್ಟಿ ತುಂಬಾ ತಿಂತೀನಿ.

ತೊಗರಿಕಣಜ
ಮೊದಲ ಮುಂಜಾನಿ ಏನ್ ತಿಂತಿದ್ದಿ, ಚಾ ಎಷ್ಟು ಕುಡೀತಿದ್ದಿ, ರಾತ್ರಿ 8 ಆದ ಮ್ಯಾಗ ಏನ್ ತಿಂತಿದ್ದಿ, ಅದು ಬರೀಪಾ.

ಸೇಡಂರೋಡ್_ಹುಡುಗ
ಮುಂಜಾನಿ ಆಫೀಸಿಗಿ ಹೋಗುಮುಂದ ಒಂದು ಪ್ಲೇಟ್ ಸುಸಲಾ, ಎರಡು ಮಿರ್ಚಿ. ಚಾ ದಿನಕ್ಕ 5, ಎರಡೆರಡು ಚಮಚ ಸಕ್ರಿ. ರಾತ್ರಿ ಊಟ 10ಕ್ಕ, ಆಮ್ಯಾಲ ಮೊಬೈಲ್ ನೋಡ್ತಾ ಚುಡವಾ ಇಲ್ಲಾ ಶೇಂಗಾ. ಈಗ ಸಕ್ರಿ ಚಾ 2 ಅಷ್ಟೇ. 12ಕ್ಕ ಎರಡು ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ಮೊಸರು. ರಾತ್ರಿ 7:30ಕ್ಕ ಮತ್ತ ಎರಡು ರೊಟ್ಟಿ, ಪಲ್ಯ, ಜರಾ ಅನ್ನ.

ತೊಗರಿಕಣಜ
ನೋಡು, ಸಿಕ್ತು. ಒಂದು ಕೆಜಿ ಕೊಬ್ಬಿಗಿ ಸುಮಾರು 7,700 ಕ್ಯಾಲರಿ ಹಿಡಿ. 4 ಕೆಜಿಗಿ 30,800, 49 ದಿನಕ್ಕ ಹಂಚಿದ್ರ ದಿನಕ್ಕ 600ರ ಮ್ಯಾಲ ಸ್ವಲ್ಪ. ಮೊದಲ ಮೊದಲ ಇಳಿಯೋದ್ರಾಗ ನೀರಿನ ತೂಕ ಭೀ ಇರ್ತದ, ಅದಕ್ಕ ಖರೇ ಲೆಕ್ಕ ಇನ್ನಾ ಕಡಿಮಿ ಆಗ್ತದ. ಈಗ ನೀ ಬಿಟ್ಟದ್ದು ಏನ್ ಅಂತ ನೋಡು. 3 ಕಪ್ಪು ಚಾದ 6 ಚಮಚ ಸಕ್ರಿ, 30 ಗ್ರಾಂ, ಅಲ್ಲೇ 120 ಹೋತು. ಎರಡು ಮಿರ್ಚಿ ಕುಡಿದ ಎಣ್ಣಿ ಒಂದು ದೊಡ್ಡ ಚಮಚ ಅಂತ ಹಿಡಿದ್ರ ಅದು 120. ಒಂದು ಮುಟಿಗಿ ಶೇಂಗಾ 30 ಗ್ರಾಂ ಅಂದ್ರ 170. ಸುಸಲಾ, ಭಜಿ ಹಿಟ್ಟು ಇನ್ನಾ ಹಿಡಿದಿಲ್ಲ ನಾ. ನಿನಗ ಗೊತ್ತಿಲ್ಲದಂಗ ನೀ ಅಳತಿ ಕಡಿಮಿ ಮಾಡೀದಿ. ಅದಕ್ಕ ಫಾಸ್ಟಿಂಗ್ ಸುಳ್ಳು ಅಂತ ನಾ ಅನ್ನಂಗಿಲ್ಲ, ಕೆಲವರಿಗಿ ಬಾಗಿಲು ಹಾಕಿದ್ರೇ ಬಾಯಿ ನಿಲ್ತದ, ಅಂಥವರಿಗಿ ಇದು ಭಾಳ ಚಂದ ಉಪಾಯ. ಆದ್ರ ಉಪವಾಸ ಮುಗೀತು ಅಂತ 12ಕ್ಕ ಕುಂತು ಒಂದು ತಾಟ್ ತಹರಿ, ಮ್ಯಾಲ ನಾಲ್ಕು ಮಿರ್ಚಿ ಹೊಡಿಯವ್ರಿಗಿ ಒಂದು ಗ್ರಾಂ ಭೀ ಇಳಿಯಂಗಿಲ್ಲ.

ನರ್ಸಕ್ಕ
ನೀವೆಲ್ಲ ಕ್ಯಾಲರಿ ಹಿಡಕೊಂಡು ಕುಂತೀರಿ, ತಮ್ಮ ಕೇಳಿದ್ದು ಅವರ ಅವ್ವಂದು. ತಮ್ಮಾ, ಮೊದಲ ಆ ಗುಳಿಗಿ ಚೀಟಿ ನೋಡು. ಹೆಸರಿನಾಗ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಅಂತ ಏನಾರ ಅದೇನು? ಬರೇ ಮೆಟ್ಫಾರ್ಮಿನ್ ಇದ್ರ ಶುಗರ್ ಒಮ್ಮಿಗೇ ಬೀಳೋ ಅಂಜಿಕಿ ಕಡಿಮಿ. ಆದ್ರ ಈ ಗ್ಲಿ ಗ್ಲಿ ಅನ್ನೋ ಗುಳಿಗಿ, ಇಲ್ಲಾ ಇನ್ಸುಲಿನ್ ಇದ್ರ, ನೀ ಊಟ ಮಾಡು ಬಿಡು ಅದು ತನ್ನ ಕೆಲಸ ಮಾಡೇ ಮಾಡ್ತದ. ಹೊಟ್ಟ್ಯಾಗ ಏನೂ ಇಲ್ಲ ಅಂದ್ರ ರಕ್ತದಾಗಿನ ಸಕ್ರಿ ಇಳಕೋತ ಹೋಗ್ತದ. 70ಕ್ಕಿಂತ ಕೆಳಗ ಬಂದ್ರ ಅದು ಅಪಾಯ.

ನಮ್ಮಪ್ಪಂದೇ ಹೇಳ್ತೀನಿ. ಶ್ರಾವಣ ಸೋಮವಾರ, ಅಪ್ಪ ಮುಂಜಾನಿ ರೂಢಿ ಪ್ರಕಾರ ಗುಳಿಗಿ ನುಂಗಿ, ಒಪ್ಪತ್ತು ಅಂತ ಏನೂ ತಿನ್ಲಾರ್ದೆ ಶರಣಬಸವೇಶ್ವರ ಗುಡಿಗಿ ನಡಕೋತ ಹೋಗಿ ಬಂದಿದ್ದ. ಮಧ್ಯಾಹ್ನ 2ರ ಸುಮಾರು ನಾ ಡ್ಯೂಟಿ ಮುಗಿಸಿ ಮನಿಗಿ ಬಂದ್ರ ಪಡಸಾಲಿ ಕಂಬಕ್ಕ ಒರಗಿ ಕುಂತಾನ, ಫ್ಯಾನ್ ಜೋರ ತಿರಗ್ಲಾಕತ್ತದ, ಆದ್ರ ಅಂಗಿ ಬೆನ್ನಿಗಿ ಅಂಟಿ ತೊಯ್ದು ಹೋಗ್ಯಾದ. ಕೈ ಹಿಡಿದ್ರ ಮಂಜಿನಂಗ ತಣ್ಣಗ. "ಅಪ್ಪಾ" ಅಂದ್ರ ನನ್ನ ಮಾರಿ ನೋಡಿ ನಮ್ಮ ಸತ್ತು ಹೋದ ಅತ್ತಿ ಹೆಸರು ಹಿಡದು ಕರದ. ದಿನಾ ಇಂಥವರನ್ನ ನೋಡೋ ನನಗೇ ಒಂದು ಗಳಿಗಿ ಕೈಕಾಲು ಆಡ್ಲಿಲ್ಲ. ಮೀಟರ್ ಹಚ್ಚಿದ್ರ 48. ನುಂಗೋ ಶುದ್ಧಿ ಇತ್ತು, ಅದಕ್ಕ 3 ಚಮಚ ಸಕ್ರಿ ನೀರಾಗ ಕಲಿಸಿ ಕುಡಿಸ್ದೆ, 15 ನಿಮಿಷ ಬಿಟ್ಟು ಮತ್ತ ನೋಡ್ದೆ, 66. ಮತ್ತ 3 ಚಮಚ. ಅರ್ಧ ತಾಸಿಗಿ 92 ಆತು, ಆಮ್ಯಾಲ ರೊಟ್ಟಿ ಮುರದು ಹಾಲಿನಾಗ ಹಾಕಿ ಉಣಿಸ್ದೆ. ನಾ ಬಸ್ ತಪ್ಪಿಸ್ಕೊಂಡು ಇನ್ನೊಂದು ತಾಸು ತಡ ಮಾಡಿ ಬಂದಿದ್ರ ಏನ್ ಆಗ್ತಿತ್ತು ಅಂತ ಈಗ ಭೀ ರಾತ್ರಿ ನೆನಪಾಗ್ತದ.

ಶುದ್ಧಿ ಇಲ್ಲದವರ ಬಾಯಿಗಿ ಮಾತ್ರ ಏನೂ ಹಾಕಬ್ಯಾಡ್ರಿ, ಉಸಿರಿನ ನಳಿಗಿ ಹೋಗ್ತದ, ಸೀದಾ 108ಕ್ಕ ಫೋನ್ ಹಚ್ರಿ.

ಶಹಾಬಾದ್_ಫರಸಿ
ಅಕ್ಕಾ ಹೇಳಿದ್ದು ನೂರಕ್ಕ ನೂರು. ನಮ್ಮ ಮನ್ಯಾಗ ಅಬ್ಬಾಗ ಶುಗರ್ ಅದ, ರಂಜಾನ್ ಬರೋಕಿಂತ ತಿಂಗಳ ಮೊದಲೇ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀವಿ. ಅವರೇ ಗುಳಿಗಿ ಟೈಮ್ ಬದಲ್ ಮಾಡಿ, ಡೋಸ್ ಕಡಿಮಿ ಮಾಡಿ ಬರ್ಕೊಡ್ತಾರ. ರೋಜಾದಾಗ ಶುಗರ್ 70ಕ್ಕಿಂತ ಕೆಳಗ ಇಲ್ಲಾ 300ರ ಮ್ಯಾಲ ಹೋದ್ರ ತಕ್ಷಣ ರೋಜಾ ಬಿಡ್ಬೇಕು ಅಂತ ಸಾಫ್ ಹೇಳ್ಯಾರ. ಹೋದ ಸಲ ಒಂದಿನ ಅಸರ್ ಹೊತ್ತಿಗಿ, ಅಂದ್ರ ಸಂಜಿ ಮುಂದಿನ ನಮಾಜ್ ಹೊತ್ತಿಗಿ, 64 ಬಂತು, ಅಬ್ಬಾ ಒಲ್ಲೆ ಅಂತ ಕಣ್ಣೀರು ಹಾಕಿದ್ರು, ಅಮ್ಮೀನೇ ಖಜೂರ ಬಾಯಿಗಿ ಇಟ್ರು.

ಇನ್ನೊಂದು ಮಾತು, ರೋಜಾ ತೂಕಕ್ಕಲ್ಲ, ಅದರ ನಿಯತ್ತೇ ಬ್ಯಾರೆ. ಅದ್ರಾಗ ನೀರು ಭೀ ಇಲ್ಲ, ಇದ್ರಾಗ ನೀರು ಅದ. ಆದ್ರ ತೂಕದ್ದು ಕೇಳ್ತೀರಿ ಅಂದ್ರ ನಂದು ಪ್ರತಿ ವರ್ಷ ಒಂದ್ ಕೆಜಿ ಒಂದೂವರೆ ಕೆಜಿ ಇಳೀತದ, ಈದ್ ಆಗಿ ತಿಂಗಳದಾಗ ವಾಪಸ್ ಬರ್ತದ. ಇಫ್ತಾರ್ ತಾಟಿನಾಗ ಭಜಿ, ಸಮೋಸಾ, ಶರಬತ್ ಇದ್ದ ದಿನ ಇಳಿಯೋದೇ ಇಲ್ಲ.

ಬಿಸಿಲನಾಡು
ಶುಗರ್ ಗುಳಿಗಿ ಮಾತು ನನಗ ತಿಳಿದಿರ್ಲಿಲ್ಲ ಅಕ್ಕಾ, ಸುಮ್ನ ಮಾಡಸು ಅಂದದ್ದು ನಂದು ತಪ್ಪು. ಆದ್ರ ಶುಗರ್ ಇಲ್ಲದ ಆರೋಗ್ಯವಂತರಿಗಿ ಇದರಂಥದ್ದು ಬ್ಯಾರೆ ಇಲ್ಲ ಅಂತ ನಾ ಈಗ ಭೀ ಅಂತೀನಿ. ದಿನಾ ಮೂರು ಹೊತ್ತು ಕ್ಯಾಲರಿ ಎಣಿಸ್ಕೋತ ಕುಂದ್ರೋದು ನಮ್ಮ ಮಂದೀಗಿ ಆಗಂಗಿಲ್ಲ, ಟೈಮ್ ನೋಡೋದು ಆಗ್ತದ.

ತೊಗರಿಕಣಜ
ಆ ಮಾತು ಒಪ್ತೀನಿ. ಆದ್ರ ನಿಮಗ ಒಂದು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಆ 11 ಕೆಜಿದಾಗ ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು? 2020ರಾಗ ಒಂದು ವರದಿ ಬಂತು, ಅಮೆರಿಕಾದಾಗ 116 ಮಂದಿ ಮ್ಯಾಲ 12 ವಾರ 16:8 ನಡೆಸಿದ್ರು, ಮಧ್ಯಾಹ್ನ 12ರಿಂದ ರಾತ್ರಿ 8, ಥೇಟ್ ಈ ತಮ್ಮಂದೇ ಟೈಮು. ಇಳಿದಿದ್ದು ಒಂದು ಕೆಜಿ ಸಮೀಪ, ಮೂರು ಹೊತ್ತು ಉಂಡವರಿಗಿಂತ ಹೆಚ್ಚಿಗಿ ಏನಿಲ್ಲ. ಮ್ಯಾಲ ಅವರಾಗ ಒಂದಿಷ್ಟು ಮಂದೀಗಿ ಸ್ಕ್ಯಾನ್ ಮಾಡಿ ನೋಡಿದ್ರ ಇಳಿದದ್ರಾಗ ಭಾಳಷ್ಟು ಕೊಬ್ಬೇ ಅಲ್ಲ, ಕೈಕಾಲಿನ ಮಾಂಸಖಂಡ ಕರಗಿತ್ತು.

ಬಿಸಿಲನಾಡು
ಇದು ಓದಿ ಒಂದು ಮಾತು ಹೇಳ್ಬೇಕು ಅನಿಸ್ತು. ಮೊದಲ 20 ಲೀಟರ್ ನೀರಿನ ಕ್ಯಾನ್ ಹೆಗಲ ಮ್ಯಾಲ ಇಟ್ಕೊಂಡು ಎರಡನೇ ಮಾಳಿಗಿಗಿ ಸೀದಾ ಏರ್ತಿದ್ದೆ. ಈಗ ಒಂದು ಮಾಳಿಗಿಗೇ ಇಳಿಸಿ ನಿಂದರ್ಬೇಕಾಗ್ತದ. ವಯಸ್ಸು ಆತು ಅಂತ ತಿಳ್ಕೊಂಡಿದ್ದೆ. ಏನ್ ಮಾಡ್ಬೇಕು ಹಂಗಾದ್ರ?

ತೊಗರಿಕಣಜ
ಎರಡು ಊಟಕ್ಕ ಬರ್ರಿ ಅಣ್ಣಾ, ಒಂದೇ ಕುಂದ್ರಿಕ್ಯಾಗ ದಿನದ ಪ್ರೋಟೀನ್ ಹಿಡಸೋದು ಕಷ್ಟ. ನಾವು ತೊಗರಿ ನಾಡಿನವ್ರು, ನಮ್ಮ ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಇದೇ ಊರಿನ ಮಾಲು ಅನ್ನೋ ಸರ್ಕಾರಿ ಗುರುತು, ಬಂದಾದ, ಆದ್ರ ತಾಟಿನಾಗ ನೋಡಿದ್ರ ಬ್ಯಾಳಿ ತಿಳಿ ನೀರು, ಅನ್ನ ಗುಡ್ಡ. 100 ಗ್ರಾಂ ಹಸಿ ಬ್ಯಾಳ್ಯಾಗ 22 ಗ್ರಾಂ ಹತ್ರ ಪ್ರೋಟೀನ್ ಅದ. ಬ್ಯಾಳಿ ಗಟ್ಟಿ ಮಾಡ್ರಿ, ಮೊಸರು, ಮೊಳಕಿ ಕಾಳು, ತಿನ್ನವ್ರು ಇದ್ರ ತತ್ತಿ. ಬೈಠಕ್, ದಂಡಾ ಹೊಡೀರಿ, ವಾರಕ್ಕ ಮೂರು ದಿನ ಆದ್ರ ಸಾಕು.

ಬೀದರ್_ಅಕ್ಕೋರು
ಗಂಡಸರು ಬರದದ್ದೆಲ್ಲ ಓದಿದೆ, ಒಂದು ಮಾತು ಯಾರ ಭೀ ಬರದಿಲ್ಲ. 8ಕ್ಕ ಬಾಯಿ ಮುಚ್ಚು ಅಂತೀರಿ, ನಮ್ಮ ಕಡಿ ಹೆಣ್ಮಕ್ಕಳು ಉಣ್ಣೋದೇ ಎಷ್ಟಕ್ಕ ಗೊತ್ತದ ಏನು? ನಾ ಸಾಲಿ ಟೀಚರ್. ಮುಂಜಾನಿ 5ಕ್ಕ ಎದ್ದು 20 ರೊಟ್ಟಿ ಬಡದು, ಮಕ್ಕಳ ಡಬ್ಬಿ, ಮನಿಯವರ ಡಬ್ಬಿ ಕಟ್ಟಿ ಸಾಲಿಗಿ ಓಡ್ತೀನಿ, ಅಲ್ಲೀತನಕ ಬರೇ ಎರಡು ಕಪ್ ಚಾ. ಅಂದ್ರ ಹೆಸರಿಲ್ಲದ ಫಾಸ್ಟಿಂಗು 20 ವರ್ಷದಿಂದ ನಡದೇ ಅದ, ತೂಕ ಮಾತ್ರ ಏರ್ಲಾಕತ್ತದ. ಯಾಕಂದ್ರ ರಾತ್ರಿ ಎಲ್ಲರದೂ ಆಗಿ ಅತ್ತಿ ಮಾವಂದು ಆಗಿ 10:30ಕ್ಕ ನಾ ಕುಂದ್ರೋದು, ಆಗ ಬುಟ್ಟ್ಯಾಗ ಉಳಿದ ಒಂದೂವರೆ ರೊಟ್ಟಿ, ಬೋಗಾಣಿ ತಳದಾಗಿನ ಅನ್ನ, ಕೆಡಬಾರ್ದು ಅಂತ ಎಲ್ಲಾ ನನ್ನ ಹೊಟ್ಟಿಗೇ. ಹೋದ ವರ್ಷ 18:6 ಅಂತ 5 ತಿಂಗಳು ಮಾಡಿದೆ, ಎದಿ ಉರಿ, ತಲಿಶೂಲಿ, 4ನೇ ಪಿರಿಯಡ್‌ನಾಗ ಹುಡುಗರ ಮ್ಯಾಲ ಸುಮ್ ಸುಮ್ನ ಒದರೋದು. 3 ಕೆಜಿ ಇಳೀತು, ಬಿಟ್ಟ ಮ್ಯಾಗ 4 ಏರ್ತು.

ಈಗ ಮಾಡಿದ್ದು ಇಷ್ಟೇ, 7:30ಕ್ಕ ಮಕ್ಕಳ ಜೋಡಿ ನಾ ಭೀ ತಾಟ್ ಹಾಕ್ಕೊಂಡು ಕುಂದರ್ತೀನಿ. ಮೊದಲ ಒಂದು ತಿಂಗಳು ಅತ್ತಿ ಮಾರಿ ತಿರುವಿದ್ರು, ಈಗ ಅವರೇ ನನಗ ಉಪ್ಪಿನಕಾಯಿ ನೀಡ್ತಾರ. ಮನಿಯವರು 9:30ಕ್ಕ ಬಂದು ತಾವೇ ಬಡಸ್ಕೊಂಡು ಉಣ್ತಾರ. ಉಳಿದದ್ದು ಫ್ರಿಜ್ಜಿಗಿ. 9 ತಿಂಗಳದಾಗ 5 ಕೆಜಿ ಇಳದೀನಿ, ಮುಂಜಾನಿ ಅರ್ಧ ರೊಟ್ಟಿ ಮೊಸರಿನಾಗ ತಿಂದೇ ಹೋಗ್ತೀನಿ.

ಹೊಲಮನಿ_ಯಾದಗಿರಿ
ನಮ್ಮಂಥ ಹೊಲದಾಗ ದುಡಿಯವ್ರಿಗಿ ಇದು ನಡಿಯಂಗಿಲ್ಲರೀ. ಏಪ್ರಿಲ್ ಮೇದಾಗ 42, 43 ಬಿಸಲು, ಖಾಲಿ ಹೊಟ್ಟಿಲೆ ಹೋದ್ರ ಅಲ್ಲೇ ಬೀಳ್ತೀವಿ. ಅಂಬಲಿ, ಉಪ್ಪು ಹಾಕಿದ ಮಜ್ಜಿಗಿ ಕುಡದೇ ಹೊಂಡ್ತೀವಿ.

ನರ್ಸಕ್ಕ
ಖರೇ ಅದ. ಬಸುರಿ, ಬಾಣಂತಿ, 18 ಆಗದ ಹುಡುಗರು, ಇವರಿಗಿ ಭೀ ಬ್ಯಾಡ. ಅಕ್ಕೋರದ್ದು ನನಗ ಭಾಳ ಸೇರ್ತು. ರಾತ್ರಿ ಊಟ ಲಗೂ ಮಾಡಿ ಮುಂಜಾನಿ ಬಿಡಲಾರದಂಗ ಇದ್ರ 12 ತಾಸು ತಾನೇ ಖಾಲಿ ಬೀಳ್ತದ.

ಸೇಡಂರೋಡ್_ಹುಡುಗ
ಅಕ್ಕಾ, ಚೀಟಿ ನೋಡಿದೆ. ಗ್ಲಿಮೆಪಿರೈಡ್ ಮತ್ತ ಮೆಟ್ಫಾರ್ಮಿನ್ ಎರಡೂ ಕೂಡಿದ್ದ ಗುಳಿಗಿ ಅದ. ನೀವು ಬರದಿದ್ದು ನಿಮ್ಮಪ್ಪಂದು ಅವ್ವಗ ಓದಿ ಹೇಳಿದೆ, ಸುಮ್ನ ಕುಂತ್ಳು. ಆಮ್ಯಾಲ ತಾನೇ ಅಂದ್ಳು, ಹೋದ ಶ್ರಾವಣದಾಗ ಎರಡು ಸಲ ನನಗ ಭೀ ಕೈ ನಡುಗಿ ಕಣ್ಣಿಗಿ ಕತ್ತಲಿ ಬಂದಿತ್ತು, ದೇವರ ಮುಂದ ಕುಂತಾಗ, ನಿನಗ ಹೇಳಿದ್ರ ಒಪ್ಪತ್ತು ಬಿಡಸ್ತಿ ಅಂತ ಹೇಳಿಲ್ಲ ಅಂತ. ನನಗ ಕೇಳಿ ಎದಿ ಧಸಕ್ ಅಂತು. ಒಂದೇ ಮನ್ಯಾಗ ಇದ್ದು ನನಗ ಗೊತ್ತಿಲ್ಲ.

ಸೋಮವಾರದಿಂದ ಶುರು ಮಾಡಂಗಿಲ್ಲ. ಗುರುವಾರ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ, ಸೋಮವಾರದ ಒಪ್ಪತ್ತಿನ ದಿನ ಗುಳಿಗಿ ಏನ್ ಮಾಡ್ಬೇಕು ಅಂತ ಅದು ಭೀ ಕೇಳ್ತೀನಿ. ರಾತ್ರಿ ಊಟ ಮಾತ್ರ ಇವತ್ತಿಂದೇ 7:30ಕ್ಕ, ಅವ್ವ ನಾ ಜೋಡಿ. ಮನ್ಯಾಗ ಶುಗರ್ ನೋಡೋ ಮೀಟರ್ ಅದ, ತಂಗಿ ಬಾಣಂತನದಾಗ ತಂದದ್ದು.

ನರ್ಸಕ್ಕ
ಛಲೋ ಆತು ತಮ್ಮಾ. ಆ ಮೀಟರಿನ ಸ್ಟ್ರಿಪ್ ಡಬ್ಬಿ ಮ್ಯಾಲ ತಾರೀಖು ನೋಡು, ಮುಗದಿದ್ರ ಹೊಸಾದು ತರು, ಹಳೇದು ತಪ್ಪು ತೋರಸ್ತದ. ಗುರುವಾರತನಕ ಮುಂಜಾನಿ ನಾಷ್ಟಾಕ್ಕಿಂತ ಮೊದಲ, ಮಧ್ಯಾಹ್ನ ಊಟಕ್ಕಿಂತ ಮೊದಲ, ಎರಡು ಸಲ ನೋಡಿ ಒಂದು ಹಾಳ್ಯಾಗ ಬರದು ಒಯ್ಯಿ.