ಪದಚರ್ಚೆ: ‘ತುಕ್ಕು’ ಒಂದೇ ಸಾಕೆ? ಹಳೆಯ ಫೋರ್‌ವೀಲ್ ಗಾಡಿಯ ಕೆಲಸದ ಮಾತುಗಳು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ತುಕ್ಕು ತಿಂದ ಹಳೆಯ ಫೋರ್‌ವೀಲ್ ಡ್ರೈವ್ ಗಾಡಿಯನ್ನು ಮನೆಯಲ್ಲೇ ಬಿಚ್ಚಿ ಸರಿಮಾಡುವವರಿಗೆಂದು ಬರೆದ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇನೆ. ಚಾಸಿಸ್ (ಕೆಳಗಿನ ಉಕ್ಕಿನ ಚೌಕಟ್ಟು) ಬೇರೆ, ಬಾಡಿ ಬೇರೆ ಇರುವ ಗಾಡಿಗಳು. ಗೇರ್, ಕ್ಲಚ್, ಆಕ್ಸಲ್, ಬ್ರೇಕ್ ಡ್ರಮ್ ಎಲ್ಲರ ಬಾಯಲ್ಲೂ ಇರುವ ಮಾತುಗಳು. ಅವಕ್ಕೆ ಹೊಸ ಪದ ಕಟ್ಟುವ ಉದ್ದೇಶವಿಲ್ಲ. ತೊಡಕಿರುವುದು ಕೆಲಸವನ್ನು ಹೇಳುವ ಮಾತುಗಳಲ್ಲಿ.

ಒಂದು ಪುಟದಲ್ಲಿ ‘ತುಕ್ಕು ಇರುವಲ್ಲಿ ತಂತಿ ಬ್ರಷ್ಷಿನಿಂದ ಉಜ್ಜಿ ಪ್ರೈಮರ್ ಹೊಡೆಯಿರಿ’ ಎಂದಿದೆ. ಮುಂದಿನ ಪುಟದಲ್ಲೇ ‘ತುಕ್ಕು ಇರುವಲ್ಲಿ ತಗಡನ್ನು ಕತ್ತರಿಸಿ ತೆಗೆಯಿರಿ’ ಎಂದಿದೆ. ಎರಡೂ ಸರಿಯೇ. ಆದರೆ ತನ್ನ ಗಾಡಿಯದು ಯಾವ ತುಕ್ಕು ಎಂದು ಓದುವವರಿಗೆ ಗೊತ್ತಾಗುವುದು ಹೇಗೆ? ಬಗೆಬಗೆಯ ತುಕ್ಕಿಗೆ ಬಳಕೆಯಲ್ಲಿ ಬೇರೆ ಬೇರೆ ಮಾತುಗಳಿವೆಯೆ?

‘ತುಕ್ಕುನಿವಾರಕ’ ಎಂಬುದನ್ನು ಕರಡು ಮೂರು ಬೇರೆ ವಸ್ತುಗಳಿಗೆ ಬಳಸಿದೆ. ‘ಮಿಂಚುತುಕ್ಕು’ ಎಂಬ ಮಾತೂ ಇದೆ, ಯಾವುದಕ್ಕೆಂದು ತಿಳಿಯದು. ‘ತೇಪೆ’ ಮತ್ತು ‘ಬೆಸುಗೆ’ಯ ವಿಷಯದಲ್ಲೂ ಅನುಮಾನ. ಬಿಚ್ಚಲು ಬಾರದ ಬೋಲ್ಟಿಗೆ ‘ಜಾಮ್’, ‘ಕಚ್ಚಿಕೊಂಡ’, ‘ಹಿಡಿದುಕೊಂಡ’ ಮೂರೂ ಬಂದಿವೆ. ಕೊನೆಗೆ, ಇಡೀ ಕೆಲಸವನ್ನು ದುರಸ್ತಿ ಎನ್ನಬೇಕೆ, ನವೀಕರಣ ಎನ್ನಬೇಕೆ, ಜೀರ್ಣೋದ್ಧಾರ ಎನ್ನಬೇಕೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಮಸ್ಕಾರ ಸರ್.

ತುಕ್ಕನ್ನು ಬಣ್ಣ ನೋಡಿ ವಿಂಗಡಿಸಲು ಆಗುವುದಿಲ್ಲ. ಉಜ್ಜಿದಾಗ, ಬಡಿದಾಗ, ಚುಚ್ಚಿದಾಗ ಏನಾಗುತ್ತದೆ ಎಂಬುದರ ಮೇಲೆ ಹೆಸರಿಟ್ಟರೆ ಮುಂದೆ ಮಾಡಬೇಕಾದ ಕೆಲಸವೂ ಆ ಹೆಸರಿನಲ್ಲೇ ಸಿಗುತ್ತದೆ.

ಬೆರಳಿಗೆ ಕೆಂಪು ಪುಡಿ ಹತ್ತಿ, ಉಜ್ಜಿದ ಮೇಲೆ ನುಣುಪಾದ ಲೋಹ ಕಂಡರೆ ‘ಮೇಲ್ತುಕ್ಕು’ ಎನ್ನಿ. ಇದಕ್ಕೆ ತಂತಿ ಬ್ರಷ್, 80ರ (ಇದು ಒರಟುತನದ ಸಂಖ್ಯೆ) ಉಪ್ಪುಕಾಗದ, ಎಪಾಕ್ಸಿ ಪ್ರೈಮರ್ ಸಾಕು.

ಪದರ ಪದರವಾಗಿ ಎದ್ದಿರುವುದಕ್ಕೆ ‘ಹಕ್ಕಳೆ’ ಎಂಬ ಒಳ್ಳೆಯ ಪದ ನಮ್ಮಲ್ಲೇ ಇದೆ. ಗಾಯದ ಹಕ್ಕಳೆಯಂತೆ ಕಿತ್ತರೆ ಕೆಳಗೆ ಗುಳಿ ಕಾಣುತ್ತದೆ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜುತ್ತ ಕೂತರೆ ಹಕ್ಕಳೆಯ ಮೇಲ್ಮೈ ಹೊಳೆಯುತ್ತದೆ, ಲೋಹ ಸಿಕ್ಕಿತೆಂದು ಭ್ರಮೆಯಾಗುತ್ತದೆ. ಮೊದಲು ಉಳಿ, ಸುತ್ತಿಗೆ, ಸ್ಕ್ರೇಪರ್‌ಗಳಿಂದ ಎಬ್ಬಿಸಿ ತೆಗೆದು, ಆಮೇಲೆ ಬ್ರಷ್ ಹಿಡಿಯಬೇಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಹಾಗಾಗಿ ಹಕ್ಕಳೆ ದಪ್ಪಗಿದ್ದ ಮಾತ್ರಕ್ಕೆ ಚಾಸಿಸ್ ಹೋಯಿತೆಂದು ತೀರ್ಮಾನಿಸಬಾರದು. ಎಲ್ಲ ತೆಗೆದು, ಉಳಿದ ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆದು, ಕೆಡದ ಜಾಗದ ದಪ್ಪಕ್ಕೆ ಹೋಲಿಸಬೇಕು. ಎರಡು ತಗಡು ಒಂದರ ಮೇಲೊಂದು ಕೂತ ಕಡೆ ನಡುವೆ ಹುಟ್ಟಿದ ತುಕ್ಕು ಜೋಡಣೆಯನ್ನೇ ಹಿಗ್ಗಿಸಿ ಬಾಯಿ ಬಿಡಿಸುವುದೂ ಇದೇ ಕಾರಣಕ್ಕೆ.

ಮೂರನೆಯದು ‘ಲಡ್ಡಾದ’ ತಗಡು. ಹುಳು ತಿಂದ ಮರಕ್ಕೆ ಹೇಳುವ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಸುತ್ತಿಗೆಯಿಂದ ಬಡಿದರೆ ಗಟ್ಟಿ ಲೋಹ ‘ಠಣ್’ ಎನ್ನುತ್ತದೆ, ಲಡ್ಡಾದದ್ದು ‘ಡಬ್’ ಎನ್ನುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗಿಳಿಯುತ್ತದೆ. ಇದಕ್ಕೆ ಯಾವ ದ್ರಾವಣವೂ ನಾಟುವುದಿಲ್ಲ, ಕತ್ತರಿಸಲೇಬೇಕು. ಕಮಾನು ಪಟ್ಟೆಯ (ಲೀಫ್ ಸ್ಪ್ರಿಂಗಿನ) ಹ್ಯಾಂಗರ್, ಬಾಡಿ ಕೂರುವ ಮೌಂಟ್, ಕ್ರಾಸ್ ಮೆಂಬರ್ (ಚಾಸಿಸ್ಸಿನ ಅಡ್ಡತೊಲೆ) ಸೇರುವ ಮೂಲೆ, ಬ್ಯಾಟರಿ ತಟ್ಟೆಯ ಕೆಳಭಾಗ, ಕಾಲಿಡುವ ಜಾಗದ ತಳ, ಇವನ್ನು ಬಡಿದು ನೋಡದೆ ಬಣ್ಣದ ಯೋಚನೆ ಮಾಡಬಾರದು.

ಕರಡಿನಲ್ಲಿ ಇಲ್ಲದ ಇನ್ನೊಂದು ಮಾತು ಸೇರಿಸಿ: ‘ಒಳತುಕ್ಕು’. ಬಾಗಿಲ ಕೆಳಗಿನ ಸಿಲ್, ಪೆಟ್ಟಿಗೆಯಾಕಾರದ ಚಾಸಿಸ್ ರೈಲು (ಉದ್ದತೊಲೆ) ಇಂಥವುಗಳಲ್ಲಿ ನೀರು ಹೋಗುವ ತೂತು ಮಣ್ಣಿನಿಂದ ಮುಚ್ಚಿಹೋದಾಗ ಒಳಗಿನಿಂದ ಹೊರಗೆ ತುಕ್ಕು ಬರುತ್ತದೆ. ಹೊರಗೆ ಕಾಣುವುದು ಬಣ್ಣದ ಮೇಲೆ ಎದ್ದ ನಾಲ್ಕು ಗುಳ್ಳೆ ಅಷ್ಟೇ. ಗುಳ್ಳೆ ಒಡೆದು ಉಜ್ಜಿ ಬಣ್ಣ ಹೊಡೆದರೆ ಮತ್ತೆ ಅಲ್ಲೇ ಏಳುತ್ತದೆ. ಮನೆಯಲ್ಲಿ ಮಾಡಿದ ಕೆಲಸ ಬೇಗ ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಹಾಗಾಗಿ ಈ ಪದಕ್ಕೆ ಪ್ರತ್ಯೇಕ ಪ್ಯಾರಾ ಕೊಡಿ.

‘ತುಕ್ಕುನಿವಾರಕ’ವನ್ನು ಕೈಬಿಡುವುದೇ ಲೇಸು. ತುಕ್ಕು ತೆಗೆಯುವುದು, ತುಕ್ಕನ್ನು ಬೇರೆ ವಸ್ತುವಾಗಿ ಮಾರ್ಪಡಿಸುವುದು, ಬಾರದಂತೆ ತಡೆಯುವುದು ಮೂರನ್ನೂ ಅದು ಹೇಳುತ್ತದೆ. ಆದರೆ ಮೊದಲನೆಯದನ್ನು ಬಳಸಿದ ಮೇಲೆ ತೊಳೆಯಬೇಕು, ಎರಡನೆಯದನ್ನು ಹಾಗೇ ಒಣಗಲು ಬಿಡಬೇಕು, ಮೂರನೆಯದು ಎಲ್ಲ ಮುಗಿದ ಮೇಲಿನದು. ‘ತುಕ್ಕು ಬಿಡಿಸುವ ದ್ರಾವಣ’, ‘ರಸ್ಟ್ ಕನ್ವರ್ಟರ್’, ‘ತುಕ್ಕುತಡೆ’ ಎಂದು ಬೇರ್ಪಡಿಸಿ. ಬಾಟಲಿಯ ಮೇಲೆ ಕನ್ವರ್ಟರ್ ಎಂದೇ ಇರುವುದರಿಂದ ಅದು ಹಾಗೇ ಇರಲಿ.

ಬಿಡಿಸುವ ದ್ರಾವಣಕ್ಕೆ ಮನೆಯಲ್ಲಿ ಸುಲಭವಾದದ್ದು ಸಿಟ್ರಿಕ್ ಆಮ್ಲ: ಲೀಟರ್ ನೀರಿಗೆ 50ರಿಂದ 100 ಗ್ರಾಂ. ಕೀಲು, ಬ್ರಾಕೆಟ್, ಪೆಡಲ್‌ನಂಥ ಬಿಡಿಭಾಗಗಳ ಗ್ರೀಸ್ ತೆಗೆದು ರಾತ್ರಿಯಿಡೀ ಮುಳುಗಿಸಿ, ನೀರಿನಲ್ಲಿ ತೊಳೆದು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಕೂಡಲೇ ಒಣಗಿಸಿ ಪ್ರೈಮರ್ ಹೊಡೆಯಬೇಕು. ತಡಮಾಡಿದರೆ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಾಗುತ್ತದೆ. ಕರಡಿನ ‘ಮಿಂಚುತುಕ್ಕು’ ಇದಕ್ಕೇ ಇರಬೇಕು. ‘ಮರುತುಕ್ಕು’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಕಮಾನು ಪಟ್ಟೆ, ಹೈ ಟೆನ್ಸೈಲ್ (ಹೆಚ್ಚು ಎಳೆತ ತಾಳುವ ಗಡಸು ಉಕ್ಕಿನ) ಬೋಲ್ಟುಗಳನ್ನು ಆಮ್ಲಕ್ಕೆ ಹಾಕಬಾರದು ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಆಮ್ಲದಿಂದ ಹುಟ್ಟುವ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ, ಆಮೇಲೆ ಭಾರ ಬಿದ್ದಾಗ ಸುಳಿವಿಲ್ಲದೆ ಬಿರುಕು ಬಿಡುತ್ತದೆ.

ಕನ್ವರ್ಟರ್‌ನಲ್ಲಿರುವುದು ಸಾಮಾನ್ಯವಾಗಿ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲ. ಗುಳಿಯ ತಳದಲ್ಲಿ ಅಂಟಿಕೊಂಡು ಉಳಿದ ತೆಳು ತುಕ್ಕಿಗೆ ಮಾತ್ರ ಅದು. ಹಕ್ಕಳೆಯ ಮೇಲೆ ಹಚ್ಚಿದರೆ ಮೇಲಿನ ಪದರ ಕಪ್ಪಾಗುತ್ತದೆ, ಕೆಳಗಿನದು ತಿನ್ನುತ್ತಲೇ ಇರುತ್ತದೆ.

ಇನ್ನು ‘ತೇಪೆ’. ಬಟ್ಟೆಗೆ ತೇಪೆ ಹಾಕುವುದು ಹರಿದದ್ದರ ಮೇಲೆ. ಓದಿದವರು ತಗಡಿಗೂ ಹಾಗೇ ಮಾಡಿದರೆ ಎರಡು ತಗಡಿನ ಸಂದಿಯಲ್ಲಿ ನೀರು ನಿಂತು, ಹಳೆಯದರ ಜೊತೆ ಹೊಸದೂ ಹೋಗುತ್ತದೆ. ಬಾಡಿಯ ಕೆಲಸಕ್ಕೆ ‘ತುಂಡು ಕೂರಿಸುವುದು’ ಎನ್ನಿ: ಲಡ್ಡಾದ ಭಾಗದ ಸುತ್ತ ಗಟ್ಟಿ ಲೋಹ ಸಿಕ್ಕ ಮೇಲೂ 20-25 ಮಿ.ಮೀ. ಒಳಕ್ಕೆ ಕತ್ತರಿಸಿ, ಅದೇ ದಪ್ಪದ ತಗಡನ್ನು ಅಂಚಿಗೆ ಅಂಚು ಬರುವಂತೆ ಕೂರಿಸಿ, ಸುತ್ತ ತಗಡಿನ ದಪ್ಪದಷ್ಟೇ ಸಂದು ಬಿಡುವುದು. ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಆಂಗಲ್ ಕಬ್ಬಿಣದ ಅಡ್ಡಪಟ್ಟಿ ಕೊಟ್ಟು ಬಿಗಿಯಬೇಕು, ಇಲ್ಲದಿದ್ದರೆ ಬಾಡಿ ಜೋತು ಆಮೇಲೆ ಬಾಗಿಲು ಮುಚ್ಚುವುದಿಲ್ಲ. ಚಾಸಿಸ್ ರೈಲಿಗೆ ಹೊರಗಿನಿಂದ ಬಲಪಟ್ಟಿ ಕೊಡುವಾಗ ‘ತೇಪೆ’ ಎಂಬ ಮಾತು ಒಪ್ಪುತ್ತದೆ. ಆದರೆ ಅದರ ತುದಿ ರೈಲಿಗೆ ಅಡ್ಡವಾಗಿ ನೇರ ಕೊನೆಯಾಗಬಾರದು. ವಜ್ರಾಕೃತಿಯಲ್ಲಿ ಓರೆಯಾಗಿ ಮುಗಿಯಲಿ. ನೇರ ಅಡ್ಡ ವೆಲ್ಡಿಂಗ್ ಇರುವಲ್ಲೇ ಬಿರುಕು ಶುರುವಾಗುತ್ತದೆ.

‘ಬೆಸುಗೆ’ ಎಂದರೆ ಸೋಲ್ಡರಿಂಗ್ ಕೂಡ ಆಗುತ್ತದೆ, ಬ್ರೇಜಿಂಗ್ ಕೂಡ. ‘ಮಿಗ್ ವೆಲ್ಡಿಂಗ್’ (ತಾನೇ ಮುಂದೆ ಬರುವ ತಂತಿಯನ್ನು ಅನಿಲದ ರಕ್ಷಣೆಯಲ್ಲಿ ಕರಗಿಸಿ ಸೇರಿಸುವ ಬಗೆ) ಎಂದೇ ಬರೆಯಿರಿ. ಸುಮಾರು 1 ಮಿ.ಮೀ. ತಗಡಿಗೆ 0.6 ಅಥವಾ 0.8 ಮಿ.ಮೀ. ತಂತಿ. ಉದ್ದಕ್ಕೆ ಒಂದೇ ಸಲ ಎಳೆದರೆ ತಗಡು ಕಾದು ಸೊಟ್ಟಗಾಗುತ್ತದೆ. ಒಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡಿಂಗ್) ಇಲ್ಲಿ, ಇನ್ನೊಂದು ಎದುರು ಬದಿಯಲ್ಲಿ, ಹೀಗೆ ಆರಲು ಬಿಡುತ್ತ ಸಂದು ತುಂಬಬೇಕು. ಶುರುಮಾಡುವ ಮೊದಲು ಬ್ಯಾಟರಿ ಮತ್ತು ಆಲ್ಟರ್ನೇಟರ್ ತಂತಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಮುಗಿದ ಮೇಲೆ ಪೆಟ್ಟಿಗೆ ಭಾಗದೊಳಗೆ ಉದ್ದ ಕೊಳವೆಯಿಂದ ಕ್ಯಾವಿಟಿ ವ್ಯಾಕ್ಸ್ (ಪೊಳ್ಳಿನೊಳಗೆ ಸಿಂಪಡಿಸುವ ಮೇಣ) ಹೊಡೆಯಬೇಕು. ‘ತುಕ್ಕುತಡೆ’ ಎಂಬ ಮಾತು ಸಲ್ಲುವುದು ಇದಕ್ಕೆ. ನೀರಿಳಿಯುವ ತೂತು ವ್ಯಾಕ್ಸಿನಿಂದ ಮುಚ್ಚಿದೆಯೋ ಏನೋ ಎಂದು ತಂತಿ ತೂರಿಸಿ ನೋಡಿ.

ಉತ್ತರ 2

ಸರ್, ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ ಒಂದು ಸೇರಿಸುತ್ತೇನೆ. ‘ತುಕ್ಕು’ ಕಬ್ಬಿಣದ್ದು, ‘ಕಿಲುಬು’ ತಾಮ್ರ, ಹಿತ್ತಾಳೆ, ಕಂಚಿನದು. 1948ರಲ್ಲಿ ಬಂದ ಮೊದಲ ಲ್ಯಾಂಡ್ ರೋವರ್‌ನಿಂದ ಹಿಡಿದು ಆ ವಂಶದ ಗಾಡಿಗಳಲ್ಲಿ ಚಾಸಿಸ್ ಉಕ್ಕಿನದು, ಬಾಡಿಯ ಹೊರತಗಡು ಅಲ್ಯೂಮಿನಿಯಂ ಮಿಶ್ರಲೋಹದ್ದು. ಎರಡೂ ತಾಗುವಲ್ಲಿ ನೀರು ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಏಳುತ್ತದೆ. ಅದನ್ನು ತುಕ್ಕು ಎಂದರೆ ಓದುಗರು ಕೆಂಪು ಹುಡುಕುತ್ತಾರೆ. ‘ಬಿಳಿ ಕಿಲುಬು’ ಎನ್ನಬಹುದು. ಅದನ್ನು ಉಜ್ಜಲು ಮಾಮೂಲಿ ಕಬ್ಬಿಣದ ತಂತಿ ಬ್ರಷ್ ಸಲ್ಲದು, ಕಬ್ಬಿಣದ ಕಣ ಅಲ್ಯೂಮಿನಿಯಂಗೆ ನಾಟಿ ಸವೆತ ಹೆಚ್ಚುತ್ತದೆ. ನೈಲಾನ್ ಬ್ರಷ್ ಬಳಸಿ, ಮತ್ತೆ ಕೂರಿಸುವಾಗ ನಡುವೆ ರಬ್ಬರ್ ಪಟ್ಟಿ, ಬೋಲ್ಟಿಗೆ ನೈಲಾನ್ ವಾಷರ್ ಕೊಡಬೇಕು.

ಬೋಲ್ಟಿನ ವಿಷಯ. ‘ಜಾಮ್’ ಎಲ್ಲಕ್ಕೂ ಹೇಳುವ ಮಾತು, ಅದರಿಂದ ಏನೂ ತಿಳಿಯದು. ಮರೆಯಲ್ಲಿ (ಬೋಲ್ಟಿನ ತಿರುಪಿನ ಎಳೆಗಳಲ್ಲಿ) ತುಕ್ಕು ಸೇರಿ ತಿರುಗದಿದ್ದರೆ ‘ಕಚ್ಚಿಕೊಂಡಿದೆ’. ಸ್ಪ್ಯಾನರ್ ಜಾರಿ ಮೂಲೆಗಳು ಹೋಗಿದ್ದರೆ ‘ತಲೆ ಸವೆದಿದೆ’. ಇವೆರಡು ಸಾಕು. ಕಚ್ಚಿಕೊಂಡದ್ದಕ್ಕೆ ‘ಎಣ್ಣೆ ಹಚ್ಚಿ’ ಎನ್ನದೆ ‘ಎಣ್ಣೆ ಕುಡಿಸಿ’ ಎನ್ನಿ, ಮಾಡಬೇಕಾದ್ದು ಅದನ್ನೇ. ಹೊರಗೆ ಕಾಣುವ ಮರೆಯನ್ನು ಬ್ರಷ್ಷಿನಿಂದ ಶುಚಿಮಾಡಿ, ಪೆನಟ್ರೇಟಿಂಗ್ ಆಯಿಲ್ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ರಾತ್ರಿ ಬಿಟ್ಟು ಮತ್ತೆ ಬಿಡಬೇಕು. ಆಟೋಮ್ಯಾಟಿಕ್ ಗೇರ್ ಆಯಿಲ್ ಮತ್ತು ಅಸಿಟೋನ್ ಸಮಸಮ ಬೆರೆಸಿದ್ದೂ ಚೆನ್ನಾಗಿ ಇಳಿಯುತ್ತದೆ. ಎರಡೂ ಬೇರೆಯಾಗುವುದರಿಂದ ಪ್ರತಿಸಲ ಕುಲುಕಬೇಕು. ಆರು ಮೂಲೆಯ ಸಾಕೆಟ್ ಹಾಕಿ ಮೊದಲು ತುಸು ಬಿಗಿದು, ಆಮೇಲೆ ಸಡಿಲಿಸಿ, ಹಿಂದೆ ಮುಂದೆ ಆಡಿಸುತ್ತ ಬಿಚ್ಚಬೇಕು. ಒಂದೇ ಸಲ ಜಗ್ಗಿದರೆ ಮುರಿಯುತ್ತದೆ. ಕಾಯಿಸುವುದಾದರೆ ಬೋಲ್ಟನ್ನಲ್ಲ, ನಟ್ಟನ್ನು. ಅದು ಹಿಗ್ಗಿದರೆ ತಾನೆ ಬಿಡುವುದು. ಎಣ್ಣೆ, ಅಸಿಟೋನ್ ಹಸಿಯಿರುವಾಗ ಬೆಂಕಿ ಹಿಡಿಯಬಾರದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗವನ್ನು ಕಾಯಿಸಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ವೆಲ್ಡಿಂಗಿಗೂ ಇದೇ ಎಚ್ಚರ.

ಕಮಾನು ಪಟ್ಟೆಯ ಶ್ಯಾಕಲ್ (ಪಟ್ಟೆಯ ತುದಿಯನ್ನು ಚಾಸಿಸ್ಸಿಗೆ ಸೇರಿಸುವ ಕೊಂಡಿ) ಬೋಲ್ಟ್ ಬೇರೆ ರೀತಿ ಕಚ್ಚುತ್ತದೆ. ನಟ್ ಸಲೀಸಾಗಿ ಬರುತ್ತದೆ, ಬೋಲ್ಟ್ ಮಾತ್ರ ರಬ್ಬರ್ ಬುಷ್ಷಿನ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿರುತ್ತದೆ. ತಿರುಗಿಸಿದರೆ ರಬ್ಬರ್ ತಿರುಚಿಕೊಂಡು ವಾಪಸ್ ಬರುತ್ತದೆ. ಎರಡೂ ಬದಿ ಬ್ಲೇಡ್ ಹಾಕಿ ಕತ್ತರಿಸುವುದೇ ದಾರಿ, ಬುಷ್ ಹೇಗೂ ಹೊಸದು ಬೇಕು. ಪಟ್ಟೆಯನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟುಗಳನ್ನು ಬಿಚ್ಚಿದ ಮೇಲೆ ಮತ್ತೆ ಬಳಸಬಾರದು, ಅವು ಎಳೆತಕ್ಕೆ ಹಿಗ್ಗಿರುತ್ತವೆ.

‘ಕಚ್ಚಿಕೊಂಡಿದೆ’ ಎಂಬುದು ಕೈಪಿಡಿಯಲ್ಲಿ ಇನ್ನೊಂದೆಡೆ ಬರಬಹುದು, ಜೋಕೆ. ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ) ಲಿವರ್ ಹಿಂದಕ್ಕೆ ಬಾರದಿದ್ದಾಗಲೂ ‘ಫೋರ್‌ವೀಲ್ ಕಚ್ಚಿಕೊಂಡಿದೆ’ ಎನ್ನುತ್ತಾರೆ. ಅದರಲ್ಲಿ ತುಕ್ಕಿನ ಪಾತ್ರವಿಲ್ಲ. ಒಣ ಗಟ್ಟಿ ನೆಲದಲ್ಲಿ ಫೋರ್‌ವೀಲ್ ಹಾಕಿ ತಿರುಗಿಸಿದಾಗ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡಿ ಶಾಫ್ಟುಗಳಲ್ಲಿ ತಿರುಚು ಕೂಡಿಕೊಂಡಿರುತ್ತದೆ. ನೇರವಾಗಿ ಸ್ವಲ್ಪ ಹಿಂದಕ್ಕೆ ಓಡಿಸಿದರೆ ಬಿಡುತ್ತದೆ. ಅಲ್ಲಿ ‘ತಿರುಚು ಬಿದ್ದಿದೆ’ ಎಂದು ಬರೆದರೆ ಯಾರೂ ಎಣ್ಣೆ ಡಬ್ಬಿ ತರಲು ಹೋಗುವುದಿಲ್ಲ.

ಇಡೀ ಕೆಲಸಕ್ಕೆ ‘ಜೀರ್ಣೋದ್ಧಾರ’ ಒಪ್ಪುತ್ತದೆ. ದೇವಸ್ಥಾನಕ್ಕೇ ಮೀಸಲಾದ ಮಾತೇನಲ್ಲ, ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವುದು ಎಂದೇ ಅದರ ಅರ್ಥ. ‘ನವೀಕರಣ’ ಎಂದರೆ ಲೈಸೆನ್ಸ್, ಪರವಾನಗಿ ನೆನಪಾಗುತ್ತದೆ. ‘ದುರಸ್ತಿ’ ಒಂದೊಂದು ಕೆಟ್ಟ ಭಾಗಕ್ಕೆ ಇರಲಿ.

ಉತ್ತರ 3

ಒಂದೇ ಒಂದು ಮಾತು, ಪುಟ್ಟಿಯ (ತಗಡಿನ ತಗ್ಗು ಸಮಮಾಡಲು ಸವರುವ ಲೇಪದ) ಬಗ್ಗೆ. ಕರಡಿನಲ್ಲಿ ‘ಪುಟ್ಟಿ ತುಂಬಿ’ ಎಂದಿದ್ದರೆ ದಯವಿಟ್ಟು ‘ಪುಟ್ಟಿ ಸವರಿ’ ಎಂದು ತಿದ್ದಿ. ತುಂಬುವುದು ತೂತಿಗೆ, ಪುಟ್ಟಿ ಇರುವುದು ತೂತಿಗಲ್ಲ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ. ಹಿಂಬದಿ ತೆರೆದಿದ್ದರೆ ಆ ನೀರು ಸುತ್ತಲಿನ ತಗಡಿಗೆ ಇಳಿದು ತಿನ್ನುತ್ತದೆ. ಎಪಾಕ್ಸಿ ಪ್ರೈಮರ್ ಹೊಡೆದು ಒಣಗಿದ ಮೇಲೆ ಉಪ್ಪುಕಾಗದದಿಂದ ಒರಟು ಮಾಡಿ, 3 ಮಿ.ಮೀ. ಮೀರದಂತೆ ಸವರಬೇಕು. ಅದಕ್ಕಿಂತ ಹೆಚ್ಚು ತಗ್ಗಿದ್ದರೆ ತಗಡನ್ನೇ ಬಡಿದು ಸಮಮಾಡಬೇಕು. 100 ಗ್ರಾಂ ಪುಟ್ಟಿಗೆ ಹಾರ್ಡನರ್ (ಅದನ್ನು ಗಟ್ಟಿಯಾಗಿಸುವ ವಸ್ತು) ಸುಮಾರು 2 ಗ್ರಾಂ, ಕಲಸಿದ ಮೇಲೆ ಕೆಲವೇ ನಿಮಿಷ ಸಮಯ. 80ರ ಕಾಗದದಲ್ಲಿ ಆಕಾರ ತಂದು, 180, 320 ದಾಟಿ, ಬಣ್ಣಕ್ಕೆ ಮುಂಚೆ 400-600ರಲ್ಲಿ ನೀರು ಹಾಕಿ ಉಜ್ಜುವುದು ಪ್ರೈಮರನ್ನು, ಪುಟ್ಟಿಯನ್ನಲ್ಲ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಹಾಕಿದರೆ, ಮಿಕ್ಕಿದ್ದು ಮೇಲಿನ ಬಣ್ಣಕ್ಕೆ ಏರಿ ಕಲೆಯಾಗುತ್ತದೆ.