‘ನೋ ಸ್ಕ್ರೀನ್ಸ್ ಫೌಂಡ್’: ಇಲ್ಲಿ ‘ಪರದೆ’ ಸರಿ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಧಾರವಾಡದ ಒಂದು ಕಾಲೇಜಿನ ಲ್ಯಾಬ್ ಸಹಾಯಕರಿಗೆಂದು ಲಿನಕ್ಸ್ ರಿಪೇರಿಯ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸ್ಕ್ರೀನ್, ಮಾನಿಟರ್, ಡಿಸ್‌ಪ್ಲೇ ಮೂರಕ್ಕೂ ‘ಪರದೆ’ ಎಂದು ಬರೆದು ಮುಗಿಸುವುದು ನಮ್ಮಲ್ಲಿ ರೂಢಿ. ಮಾತಿನಲ್ಲಿ ಅದು ನಡೆದುಹೋಗುತ್ತದೆ. ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಫೈಲಿನ (ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪನ್ನು ಮೂಡಿಸುವ ‘ಎಕ್ಸ್’ ಎಂಬ ಸರ್ವರ್ ತಂತ್ರಾಂಶದ ಸೆಟ್ಟಿಂಗ್ ಫೈಲು) ಬಗ್ಗೆ ಬರೆಯಲು ಕೂತರೆ ನಡೆಯುವುದಿಲ್ಲ.

ಆ ಫೈಲಿನಲ್ಲಿ ‘ಡಿವೈಸ್’ ಅಂದರೆ ಗ್ರಾಫಿಕ್ಸ್ ಕಾರ್ಡು, ಅದನ್ನು ನಡೆಸುವ ತಂತ್ರಾಂಶದ, ಅಂದರೆ ಡ್ರೈವರ್‌ನ, ಹೆಸರು ಇರುವುದು ಅಲ್ಲೇ. ‘ಮಾನಿಟರ್’ ಅಂದರೆ ಮೇಜಿನ ಮೇಲೆ ಕೂತಿರುವುದು; ಅದು ತಾಳಿಕೊಳ್ಳುವ ಸಿಂಕ್ ಎಷ್ಟು ಕಿಲೋಹರ್ಟ್ಜ್, ರಿಫ್ರೆಶ್ ಎಷ್ಟು ಹರ್ಟ್ಜ್ ಎಂಬುದು ಅಲ್ಲಿರುತ್ತದೆ. ‘ಸ್ಕ್ರೀನ್’ ಮಾತ್ರ ಕೈಗೆ ಸಿಗುವ ವಸ್ತುವೇ ಅಲ್ಲ. ಇಂಥ ಕಾರ್ಡು, ಇಂಥ ಮಾನಿಟರ್, 1024×768 ಅಳತೆ, 24 ಬಿಟ್ ಬಣ್ಣ ಎಂದು ಎರಡಕ್ಕೂ ಗಂಟು ಹಾಕುವ ವಿಭಾಗ ಅದು.

ಕಾರ್ಡ್ ಬದಲಾಗಿದೆ, ಹಳೇ ಫೈಲ್ ಹಾಗೇ ಉಳಿದಿದೆ, ಅದರಲ್ಲಿ ಹಳೇ ಡ್ರೈವರ್ ಹೆಸರಿದೆ ಅನ್ನಿ. ಬೂಟ್ ಆದ ಮೇಲೆ ಡೆಸ್ಕ್‌ಟಾಪ್ ಬರುವುದಿಲ್ಲ, ಎಕ್ಸ್ ಬರೆದಿಡುವ ದಾಖಲೆಯ, ಅಂದರೆ ಲಾಗ್‌ನ, ಕೊನೆಯಲ್ಲಿ ‘ನೋ ಸ್ಕ್ರೀನ್ಸ್ ಫೌಂಡ್’ ಎಂದಿರುತ್ತದೆ. ಇದನ್ನು ‘ಯಾವುದೇ ಪರದೆ ಕಂಡುಬಂದಿಲ್ಲ’ ಎಂದು ಕನ್ನಡಿಸಿದರೆ ಓದಿದವರು ಮಾನಿಟರ್ ಕೇಬಲ್ ಕಿತ್ತು ಮತ್ತೆ ಚುಚ್ಚುತ್ತಾರೆ. ಕರಡು ಓದಿದ ಸಹಾಯಕರೊಬ್ಬರ ಮಾತು ಹೀಗಿತ್ತು: “ಮಾನಿಟರ್ ಚಾಲೂನ ಐತ್ರೀ, ಲೈಟ್ ಹತ್ತೇತಿ, ಮತ್ತ ಕಾಣವಲ್ದು ಅಂತೈತಲ್ರೀ?” ನ್ಯಾಯವಾದ ಪ್ರಶ್ನೆ. ನಿಜವಾದ ಕಾರಣ ಲಾಗ್‌ನಲ್ಲಿ ಮೇಲೆಯೇ, ಎರಡು ‘ಇ’ ಗುರುತಿನ ಸಾಲಿನಲ್ಲಿ ಇರುತ್ತದೆ: ಡ್ರೈವರ್ ಲೋಡ್ ಆಗಿಲ್ಲ. (ಎರಡು ನಕ್ಷತ್ರವಿದ್ದರೆ ಆ ಸೆಟ್ಟಿಂಗ್ ಫೈಲಿನಿಂದ ಬಂದದ್ದು, ಎರಡು ಸಮಚಿಹ್ನೆ ಇದ್ದರೆ ಡಿಫಾಲ್ಟ್. ಇದು ಗೊತ್ತಿದ್ದರೆ ಅರ್ಧ ಹುಡುಕಾಟ ಉಳಿಯುತ್ತದೆ.) ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಟೆಕ್ಸ್ಟ್ ಕನ್ಸೋಲಿಗೆ ಹೋಗಿ ಆ ಫೈಲಿನ ಹೆಸರು ಬದಲಿಸಿ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಎಕ್ಸ್ ತಾನೇ ಕಾರ್ಡನ್ನು ಗುರುತಿಸಿಕೊಳ್ಳುತ್ತದೆ. ಈಗಿನ ಮಷಿನ್‌ಗಳಿಗೆ ಬಹುಪಾಲು ಆ ಫೈಲೇ ಬೇಕಿಲ್ಲ.

ಫೈಲಿನೊಳಗಿನ ಹೆಸರುಗಳನ್ನು ಮುಟ್ಟುವಂತಿಲ್ಲ, ಎಕ್ಸ್‌ಗೆ ಕನ್ನಡ ಬರುವುದಿಲ್ಲ. ನನ್ನ ಪ್ರಶ್ನೆ ವಿವರಣೆಯ ಭಾಷೆಯದು. ‘ತೆರೆ’ಯ ಬೆನ್ನಿಗೆ ‘ತೆರೆಚಿತ್ರ’ದ ಬಳಕೆ ಇದೆ, ಆದರೆ ‘ತೆರೆಯನ್ನು ತೆರೆಯಿರಿ’ ಎಂದು ಸೂಚನೆ ಬರೆಯಲು ನನಗೆ ಧೈರ್ಯವಿಲ್ಲ. ‘ಚಿತ್ರಪಟ’ ಅಂದರೆ ಮರಾಠಿ ಬಲ್ಲ ಹುಬ್ಬಳ್ಳಿಯವರಿಗೆ ಸಿನಿಮಾ. ಬರೀ ‘ಪಟ’ ಹೇಗೆ? ‘ಯಾವ ಪಟವೂ ಸಿದ್ಧವಾಗಲಿಲ್ಲ’ ಅಂದರೆ ಕೇಬಲ್ ಕಡೆ ಕೈ ಹೋಗುವುದಿಲ್ಲ. ಮಾನಿಟರ್ ಮಾನಿಟರ್ ಆಗಿಯೇ ಇರಲಿ, ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಅಂಗಡಿಯಲ್ಲಿ ಬೇರೆ ಹೆಸರು ಹೇಳಿ ಕೇಳಿದರೆ ಕೊಡುವವರೂ ಇಲ್ಲ.

ನಾನು ನಿಂತಿರುವುದು ‘ಡಿಸ್‌ಪ್ಲೇ’ ಹತ್ತಿರ. ಎಕ್ಸ್‌ನ ಲೆಕ್ಕದಲ್ಲಿ ಒಂದು ಸರ್ವರ್, ಅದರ ಕೀಬೋರ್ಡ್, ಮೌಸ್, ಸ್ಕ್ರೀನುಗಳು ಎಲ್ಲ ಸೇರಿ ಒಂದು ಡಿಸ್‌ಪ್ಲೇ. ‘ಪ್ರದರ್ಶಕ’ ಅಂದರೆ ವಸ್ತುಪ್ರದರ್ಶನ ಇಟ್ಟವರು ಎಂದು ಕೇಳಿಸುತ್ತದೆ. ‘ಕ್ಯಾನಾಟ್ ಓಪನ್ ಡಿಸ್‌ಪ್ಲೇ’ ಎಂಬ ದೋಷ ಸಂದೇಶವನ್ನು ತರಗತಿಯಲ್ಲಿ ಕನ್ನಡದಲ್ಲಿ ಹೇಳಿಕೊಟ್ಟವರಿದ್ದರೆ, ನೀವು ಯಾವ ಪದ ಬಳಸಿದಿರಿ, ಮಕ್ಕಳು ಅದನ್ನು ಏನೆಂದು ತಿಳಿದರು, ಎರಡನ್ನೂ ದಯವಿಟ್ಟು ಬರೆಯಿರಿ.