ಎಚ್‌ಐವಿ ಲಸಿಕೆ ಪ್ರಯೋಗ ಮತ್ತು ಅಂಚಿನ ಸಮುದಾಯಗಳು: ಕೆಲವರ ಅನುಭವ

ಪ್ರಶ್ನೆ: ನಮ್ಮ ತಂಡವು ಎಚ್‌ಐವಿ ಲಸಿಕೆಯ ಪ್ರಯೋಗಕ್ಕೆ ಸಿದ್ಧತೆ ನಡೆಸುತ್ತಿದೆ. ಲೈಂಗಿಕ ಕಾರ್ಯಕರ್ತೆಯರನ್ನೂ ಲಿಂಗತ್ವ ಅಲ್ಪಸಂಖ್ಯಾತರನ್ನೂ ಎರಡು ಸಭೆಗಳಿಗೆ ಕರೆದಿದ್ದೆವು. ಮೂರನೆಯದಕ್ಕೆ ಬಹುತೇಕ ಯಾರೂ ಬರಲಿಲ್ಲ. ಎಲ್ಲಿ ತಪ್ಪಿದ್ದೇವೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಸಮುದಾಯ ಸಂಪರ್ಕದ ಕೆಲಸ ಮಾಡಿದವರ ಉತ್ತರ:

ನಮಗೂ ಹೀಗೆಯೇ ಆಗಿತ್ತು. ಪ್ರಯೋಗದ ರೂಪರೇಷೆಯನ್ನು ಅಚ್ಚು ಹಾಕಿಸಿಕೊಂಡೇ ನಾವು ಸಭೆಗೆ ಹೋಗಿದ್ದೆವು. ಎಷ್ಟು ಚುಚ್ಚುಮದ್ದು, ಎಷ್ಟು ಸಲ ರಕ್ತ ಪರೀಕ್ಷೆ, ಯಾವ ಹೊತ್ತಿಗೆ ಭೇಟಿ ಎಂಬುದೆಲ್ಲ ಅದರಲ್ಲಿ ನಿಗದಿಯಾಗಿತ್ತು. ಎಲ್ಲವನ್ನೂ ತೀರ್ಮಾನಿಸಿದ ಮೇಲೆ ನಮ್ಮ ಅಭಿಪ್ರಾಯ ಏಕೆ ಬೇಕು ಎಂದು ಹಿರಿಯ ಕಾರ್ಯಕರ್ತೆಯೊಬ್ಬರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ರಾತ್ರಿಯಿಡೀ ದುಡಿದು ಬೆಳಗಿನ ಜಾವ ಮಲಗುವವರನ್ನು ಬೆಳಿಗ್ಗೆ 9 ಗಂಟೆಗೆ ಬರಬೇಕೆಂದು ಕೇಳಿದ್ದೆವು. ಗುರುತಿನ ಚೀಟಿಯಲ್ಲಿರುವ ಹಳೆಯ ಹೆಸರನ್ನು ಎಲ್ಲರೆದುರು ಕೂಗಿ ಕರೆಯುವುದು ಲಿಂಗತ್ವ ಅಲ್ಪಸಂಖ್ಯಾತರಿಗೆ ಎಷ್ಟು ಅವಮಾನಕರ ಎಂಬುದೂ ನಮಗೆ ಹೊಳೆದಿರಲಿಲ್ಲ. ಭೇಟಿಯ ಹೊತ್ತನ್ನು ಮಧ್ಯಾಹ್ನಕ್ಕೆ ಬದಲಿಸಿ, ಹೆಸರು ಕೂಗುವುದನ್ನು ಬಿಟ್ಟು ಸಂಖ್ಯೆಯ ಚೀಟಿ ಕೊಡಲಾರಂಭಿಸಿದ ಮೇಲೆಯೇ ಜನ ಮತ್ತೆ ಬಂದರು.

ಕಾಂಬೋಡಿಯಾದಲ್ಲಿ ನಡೆದುದನ್ನು ನಿಮ್ಮ ತಂಡದ ಪ್ರತಿಯೊಬ್ಬರೂ ತಿಳಿದಿರಬೇಕು. ಅದು ಲಸಿಕೆಯ ಪ್ರಯೋಗವಲ್ಲ. ಸೋಂಕು ತಡೆಯಲು ಟೆನೊಫೊವಿರ್ ಮಾತ್ರೆಯನ್ನು ಲೈಂಗಿಕ ಕಾರ್ಯಕರ್ತೆಯರಲ್ಲಿ ಪರೀಕ್ಷಿಸುವ ಯೋಜನೆ. ಅಡ್ಡಪರಿಣಾಮವಾದರೆ ಪ್ರಯೋಗ ಮುಗಿದ ಮೇಲೂ ನಮ್ಮ ಚಿಕಿತ್ಸೆಯ ಹೊಣೆ ಯಾರದು ಎಂದು ಆ ಮಹಿಳೆಯರ ಸಂಘಟನೆ ಕೇಳಿತು. ಅದಕ್ಕೆ ಸಮಾಧಾನಕರ ಉತ್ತರ ದೊರೆಯಲಿಲ್ಲ. 2004ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಪ್ರಯೋಗವನ್ನೇ ನಿಲ್ಲಿಸಿತು. ಇಂತಹ ಘಟನೆಗಳ ನಂತರವೇ ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವಾದ ಯುಎನ್‌ಏಡ್ಸ್ ಮತ್ತು ಎಚ್‌ಐವಿ ತಡೆಗಾಗಿ ದುಡಿಯುವ ಎವಿಎಸಿ ಸಂಸ್ಥೆಗಳು ಸಮುದಾಯದ ಸಹಭಾಗಿತ್ವ ಕುರಿತ ಮಾರ್ಗಸೂಚಿಯನ್ನು 2007ರಲ್ಲಿ ಹೊರತಂದು 2011ರಲ್ಲಿ ಪರಿಷ್ಕರಿಸಿದವು. ಅದರ ಪ್ರಕಾರ ಸಮಾಲೋಚನೆಯು ಪ್ರಯೋಗದ ವಿನ್ಯಾಸದ ಹಂತದಲ್ಲಿಯೇ ಆರಂಭವಾಗಬೇಕು. ಸಮುದಾಯದವರೇ ಕೂತು ಸಲಹೆ ನೀಡುವ ಸಮುದಾಯ ಸಲಹಾ ಮಂಡಳಿಯ ಯಾವ ಸೂಚನೆಯನ್ನು ಒಪ್ಪಿದಿರಿ, ಯಾವುದನ್ನು ಯಾವ ಕಾರಣಕ್ಕೆ ಒಪ್ಪಲಿಲ್ಲ ಎಂಬುದನ್ನು ಬರೆದು ಅವರ ಕೈಗೆ ಕೊಡಿ. ನಮ್ಮಲ್ಲಿ ನಂಬಿಕೆ ಮರಳಿದ್ದು ಆ ಒಂದು ಹಾಳೆಯಿಂದ ಎಂದು ನಾನು ಭಾವಿಸುತ್ತೇನೆ.

ಹಿಂದೆ ಪ್ರಯೋಗವೊಂದರಲ್ಲಿ ಪಾಲ್ಗೊಂಡವರ ಉತ್ತರ:

ಲಸಿಕೆಯಿಂದ ಎಚ್‌ಐವಿ ಬರುವುದಿಲ್ಲ ಎಂಬುದನ್ನು ನನಗೆ ಚೆನ್ನಾಗಿ ವಿವರಿಸಿದ್ದರು. ಆದರೆ ಲಸಿಕೆಯಿಂದ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳಿಂದಾಗಿ ಸಾಮಾನ್ಯ ಪರೀಕ್ಷೆಯಲ್ಲಿ ಸೋಂಕಿಲ್ಲದವರೂ ಪಾಸಿಟಿವ್ ಎಂದು ಕಾಣಬಹುದು ಎಂಬ ಮಾತನ್ನು ಸಮ್ಮತಿ ಪತ್ರದ ಒಂದು ಸಾಲಿನಲ್ಲಿ ಮುಗಿಸಿದ್ದರು. ಮುಂದೆ ನಾನು ಶಸ್ತ್ರಚಿಕಿತ್ಸೆಗೆಂದು ದಾಖಲಾದಾಗ ಹಾಗೆಯೇ ಆಯಿತು. ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಇನ್ನೊಂದು ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಸುದ್ದಿ ಮನೆಯವರಿಗೆ ತಲುಪಿತ್ತು. ನನಗೆ ಸೋಂಕಿಲ್ಲವೆಂದು ಖಚಿತವಾದ ಬಳಿಕವೂ ಆ ಅನುಮಾನ ಪೂರ್ತಿಯಾಗಿ ಹೋಗಿಲ್ಲ. ಮೊದಲೇ ಜನರ ಕಣ್ಣಿನಲ್ಲಿ ಅಪರಾಧಿಯಂತೆ ಬದುಕುತ್ತಿರುವವರಿಗೆ ಇದು ಕೆಲಸವನ್ನೂ ಬಾಡಿಗೆ ಮನೆಯನ್ನೂ ಕಳೆಯಬಲ್ಲ ಸಂಗತಿ. ಪ್ರಯೋಗ ಮುಗಿದು ವರ್ಷಗಳಾದ ಮೇಲೂ ಸರಿಯಾದ ಪರೀಕ್ಷೆಯನ್ನು ಉಚಿತವಾಗಿ ಮಾಡಿಕೊಡುವ ವ್ಯವಸ್ಥೆಯಿರಲಿ, ಕರೆ ಮಾಡಿದರೆ ಉತ್ತರಿಸುವ ಮನುಷ್ಯರಿರಲಿ.

ಆಪ್ತಸಮಾಲೋಚಕರೊಬ್ಬರ ಉತ್ತರ:

ಪ್ರಯೋಗ ವಿಫಲವಾಗಬಹುದೆಂಬುದನ್ನು ಮೊದಲ ದಿನವೇ ಹೇಳಿ. ದಕ್ಷಿಣ ಆಫ್ರಿಕಾದ ಉಹಾಂಬೊ ಪ್ರಯೋಗದಲ್ಲಿ ಸುಮಾರು 5,400 ಜನರಿದ್ದರು. ಲಸಿಕೆ ಪಡೆದವರಲ್ಲಿ 129 ಮಂದಿಗೂ ಹೋಲಿಕೆಗಾಗಿ ಕೊಡುವ ಲಸಿಕೆಯಿಲ್ಲದ ಚುಚ್ಚುಮದ್ದು (ಪ್ಲಸೀಬೊ) ಪಡೆದವರಲ್ಲಿ 123 ಮಂದಿಗೂ ಸೋಂಕು ತಗಲಿದ್ದು ಕಂಡುಬಂದಾಗ, 2020ರ ಆರಂಭದಲ್ಲಿ ಲಸಿಕೆ ನೀಡುವುದನ್ನು ನಿಲ್ಲಿಸಲಾಯಿತು. ಪುರುಷರೊಂದಿಗೆ ಲೈಂಗಿಕ ಸಂಬಂಧ ಹೊಂದಿರುವ ಪುರುಷರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ಪಾಲ್ಗೊಂಡಿದ್ದ ಮೊಸೈಕೊ ಪ್ರಯೋಗವೂ 2023ರಲ್ಲಿ ಫಲ ಕಾಣದೆ ನಿಂತಿತು. ಇಂತಹ ಸುದ್ದಿ ಪತ್ರಿಕೆಗಳಲ್ಲಿ ಬರುವ ಮೊದಲು ಪಾಲ್ಗೊಂಡವರಿಗೆ ನಿಮ್ಮ ಬಾಯಿಂದಲೇ ತಿಳಿಯಬೇಕು, ಏಕೆಂದರೆ ತೋಳೊಡ್ಡಿದವರು ಅವರು.

ನಮಗೆ ಸೋಂಕು ತಗಲಲಿ ಎಂದೇ ನೀವು ಕಾಯುತ್ತೀರಲ್ಲವೇ ಎಂಬ ಪ್ರಶ್ನೆಯೂ ಬಂದೇ ಬರುತ್ತದೆ. ಅದಕ್ಕೆ ಕೋಪಗೊಳ್ಳಬೇಡಿ. ಕಾಂಡೋಮ್, ಸೋಂಕು ತಡೆಯುವ ಪ್ರೆಪ್ ಮಾತ್ರೆ, ಸಮಾಲೋಚನೆ ಎಲ್ಲವನ್ನೂ ಪ್ರತಿಯೊಬ್ಬರಿಗೂ ಕೊಡುತ್ತೇವೆ, ಹಾಗೆ ಕೊಟ್ಟಾಗ ಸೋಂಕು ಕಡಿಮೆಯಾಗಿ, ಲಸಿಕೆಯ ಪರಿಣಾಮವನ್ನು ಅಳೆಯಲು ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಗುತ್ತದೆ, ಆ ಹೊರೆ ಸಂಶೋಧಕರದು ಎಂದು ಬಿಡಿಸಿ ಹೇಳಿ.

ಇನ್ನೊಂದು ಮಾತು. ಮೂರನೆಯ ಸಭೆಗೆ ಬಾರದವರನ್ನು ಹುಡುಕಿಕೊಂಡು ಅವರ ಮನೆಗೆ ಹೋಗಬೇಡಿ. ನೀವು ಬಾಗಿಲು ತಟ್ಟಿದ್ದನ್ನು ಕಂಡ ನೆರೆಯವರ ಪ್ರಶ್ನೆಗಳನ್ನು ಎದುರಿಸಬೇಕಾದವರು ಅವರು. ಅವರ ಸಂಘದ ಮೂಲಕ ಹೇಳಿಕಳುಹಿಸಿ, ಅವರು ಹೇಳಿದ ಜಾಗಕ್ಕೆ ಅವರು ಹೇಳಿದ ಹೊತ್ತಿಗೆ ಹೋಗಿ, ಆ ದಿನ ರೂಪರೇಷೆಯ ಪ್ರತಿಯನ್ನು ಕಚೇರಿಯಲ್ಲಿಯೇ ಬಿಟ್ಟುಬನ್ನಿ.